ಹೊಸ್ತಿಲ ಮೇಲಿನ ಬಟ್ಟಲು

ನನಗೆ ಹದಿನೆಂಟು ತುಂಬಿದ ವರ್ಷ, ಐವತ್ತರ ದಶಕದ ನಡುವೆ, ವಿಷಮಶೀತ ಜ್ವರ ಬಂತು. ಗೌರಿಬಿದನೂರಿನ ನಮ್ಮ ಮನೆಯ ನಡುಮನೆಯಲ್ಲಿ ಮೂರು ವಾರ ಮಲಗಿದ್ದೆ. ಜ್ವರ ಇಳಿದಾಗ ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಕೂದಲು ಹಿಡಿ ಹಿಡಿಯಾಗಿ ಉದುರಿದ್ದರಿಂದ ಉಳಿದದ್ದನ್ನೂ ಅಮ್ಮ ಕತ್ತರಿಸಿ ಹಾಕಿದ್ದಳು. ಅಪ್ಪ ಪ್ರೈಮರಿ ಶಾಲೆಯ ಮೇಷ್ಟರು. ನನ್ನ ಕೆಳಗೆ ಐದು ಮಕ್ಕಳು, ಅಮ್ಮನಿಗೆ ಮತ್ತೆ ದಿನ ತುಂಬುತ್ತಿತ್ತು. ಆ ಗಲಾಟೆಯಲ್ಲಿ ಒಬ್ಬಳಿಗೆ ಬೇರೆ ಪಥ್ಯದ ಅಡುಗೆ ಮಾಡುವುದು ಆಗುವ ಮಾತಾಗಿರಲಿಲ್ಲ.

ಶಿಡ್ಲಘಟ್ಟದಲ್ಲಿದ್ದ ಸೋದರತ್ತೆಗೆ ಮಕ್ಕಳಿರಲಿಲ್ಲ. ಅವಳೇ ಬಂದಳು. "ಇವಳನ್ನ ನಾನು ಕರ್ಕೊಂಡೋಗ್ತೀನಿ ಕಣಣ್ಣಾ. ಮೈ ಕೈ ತುಂಬ್ಕೊಂಡ ಮೇಲೆ ನೀನೇ ಬಂದು ಕರ್ಕೊಂಡ್ಹೋಗು," ಎಂದಳು. ಚಿಕ್ಕಬಳ್ಳಾಪುರದವರೆಗೆ ಬಸ್ಸು, ಅಲ್ಲಿಂದ ಪುಟ್ಟ ರೈಲು. ರೈಲಿನ ಸೀಟಿನ ಮೇಲೆ ಅತ್ತೆಯ ತೊಡೆಗೆ ತಲೆಯಿಟ್ಟು ಮಲಗಿಯೇ ಬಂದೆ.

ಅತ್ತೆಯ ಮನೆಯ ಹಿಂಭಾಗದಲ್ಲಿ ಮಾವನ ರೇಷ್ಮೆ ಬಿಚ್ಚುವ ಚಾವಡಿ. ನಾಲ್ಕು ಚರಕಗಳಿದ್ದವು. ಕುದಿಯುವ ನೀರಿನಲ್ಲಿ ಗೂಡು ಬೇಯುವ ವಾಸನೆ ಬೆಳಗಿನಿಂದ ಸಂಜೆಯವರೆಗೆ ಮನೆಯೊಳಗೆ ತುಂಬಿಕೊಂಡಿರುತ್ತಿತ್ತು. ಆ ಊರಿನಲ್ಲಿ ಹುಟ್ಟಿದವರಿಗೆ ಅದು ತಿಳಿಯುವುದೇ ಇಲ್ಲ. ನನಗೆ ಮಾತ್ರ ತಟ್ಟೆ ಮುಂದೆ ಬಂದರೆ ಅನ್ನದಲ್ಲೂ ಸತ್ತ ಹುಳದ ವಾಸನೆ. ಡಾಕ್ಟರು, "ಖಾರ, ಎಣ್ಣೆ ಮುಟ್ಟಿಸ್ಬೇಡಿ. ಹಗುರವಾದ್ದು ಕೊಡಿ," ಎಂದಿದ್ದರು. ಅತ್ತೆ ಗಂಜಿ ಕೊಟ್ಟಳು, ಮಜ್ಜಿಗೆ ಅನ್ನ ಕಲಸಿ ಕೊಟ್ಟಳು, ಅಕ್ಕಿ ಹುರಿದು ತಿಳಿ ಬಸಿದು ಕೊಟ್ಟಳು. ಒಂದೂ ನಿಲ್ಲಲಿಲ್ಲ. ನಾಲ್ಕನೆಯ ದಿನ ಅತ್ತೆ ಒಲೆಯ ಮುಂದೆ ಕೂತು ಅತ್ತುಬಿಟ್ಟಳು.

ಆ ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದರು. ಅವರ ಹಿತ್ತಿಲಿಗೂ ನಮ್ಮ ಹಿತ್ತಿಲಿಗೂ ನಡುವೆ ಎದೆಯುದ್ದದ ಮಣ್ಣಿನ ಗೋಡೆ ಮಾತ್ರ. ಊರವರು ಅವರನ್ನು ಬರ್ಮಾದಮ್ಮ ಅನ್ನುತ್ತಿದ್ದರು. ಅವರ ಗಂಡ ಇದೇ ಊರಿನವರು, ರಂಗೂನಿನ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದರಂತೆ. ಯುದ್ಧದ ಕಾಲದಲ್ಲಿ ಅಲ್ಲಿ ಬಾಂಬು ಬಿದ್ದಾಗ ಗಂಡ ಹೆಂಡತಿ ಕಾಡು ಬೆಟ್ಟ ಹತ್ತಿಳಿದು ನಡೆದು ಬಂದವರು. ಗಂಡ ಆಮೇಲೆ ಬಹಳ ದಿನ ಬದುಕಲಿಲ್ಲ. ಐವತ್ತರ ಹತ್ತಿರದ ಹೆಂಗಸು, ಸಣ್ಣ ಮೈಕಟ್ಟು, ಬಿಳಿ ಸೀರೆ. ಕನ್ನಡದ ನಡುವೆ ತೆಲುಗು ಸೇರಿಸಿ ಮಾತಾಡುತ್ತಿದ್ದರು. ಆ ಕಡೆಯಲ್ಲಿ ಅದೇನೂ ವಿಶೇಷವಲ್ಲ.

ಅವರು ನನ್ನ ಮುಖ ನೋಡಲಿಲ್ಲ. ಚಾಪೆಯ ಕಾಲ್ದೆಸೆಯಲ್ಲಿ ಕೂತರು.

"ಕಾಲು ತೋರ್ಸಮ್ಮಾ," ಎಂದರು.

ಹೊದಿಕೆ ಸರಿಸಿದೆ. ಜ್ವರದ ತಾಪಕ್ಕೆ ಅಂಗಾಲಿನ ಚರ್ಮ ಪದರ ಪದರವಾಗಿ ಸುಲಿದಿತ್ತು. ಅವರು ಎರಡೂ ಅಂಗೈಗಳನ್ನು ನನ್ನ ಅಂಗಾಲಿಗೆ ಬಹಳ ಹೊತ್ತು ಒತ್ತಿ ಹಿಡಿದಿದ್ದರು.

"ಎಷ್ಟು ವರ್ಷ ನಿಂಗೆ?"

"ಹದಿನೆಂಟು."

"ಹ್ಞೂಂ. ಸರಿಯಾಗಿದೆ," ಎಂದು ಎದ್ದು ಹೋದರು. ಏನು ಸರಿಯಾಗಿದೆ ಎಂದು ಅತ್ತೆಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಅರ್ಧ ಗಂಟೆಯಲ್ಲಿ ಗೋಡೆಯ ಮೇಲಿಂದ ಒಂದು ಪಾತ್ರೆ ಬಂತು. ಎಳೆ ಸೋರೆಕಾಯಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ, ಶುಂಠಿ ಜಜ್ಜಿ ಹಾಕಿ ಕುದಿಸಿದ ತಿಳಿ. ಹುರಿಗಡಲೆ ಹಿಟ್ಟನ್ನು ಒಂದಿಷ್ಟು ಕದಡಿದ್ದರಿಂದ ನೀರು ನೀರಾಗಿರದೆ ನಾಲಿಗೆಗೆ ನುಣ್ಣಗೆ ಹತ್ತುತ್ತಿತ್ತು. ಅದರೊಳಗೆ ಬಿಳಿ ಅಕ್ಕಿ ಶಾವಿಗೆಯ ಎಳೆಗಳು. ಮೇಲೆ ನಿಂಬೆ ಹಿಂಡಿ, ಹಸಿ ಕೊತ್ತಂಬರಿ ಉದುರಿಸಿದ್ದರು. ಒಗ್ಗರಣೆಯಿಲ್ಲ, ಸಾರಿನ ಪುಡಿಯಿಲ್ಲ. ಅಂಥದ್ದನ್ನು ನಾನು ಕಂಡೇ ಇರಲಿಲ್ಲ. ಕುಡಿದೆ. ವಾಂತಿಯಾಗಲಿಲ್ಲ. ಸಂಜೆ ಹೊತ್ತಿಗೆ, ಜ್ವರ ಬಂದ ಮೇಲೆ ಮೊದಲ ಸಲ, ಹಸಿವಾಯಿತು.

ಮರುದಿನದಿಂದ ಅತ್ತೆ ನನ್ನ ಹೆಗಲು ಹಿಡಿದು ಹತ್ತು ಗಂಟೆಗೆ ಆ ಮನೆಗೆ ಬಿಟ್ಟು ಬರತೊಡಗಿದಳು. ಬಿಟ್ಟವಳು ಒಳಗೆ ಕೂರುತ್ತಿರಲಿಲ್ಲ. "ಒಳ್ಳೆಯವಳೇ ಕಣಮ್ಮಾ. ಆದ್ರೆ ಆ ಮನೇಲಿ ಊಟಕ್ಕೆ ಕೂತ್ರೆ ಪಕ್ಕದಲ್ಲಿ ಇನ್ಯಾರೋ ಕೂತಂಗಾಗ್ತದೆ," ಎಂದು ಒಮ್ಮೆ ಹೇಳಿದಳು. ನಾನು ನಕ್ಕೆ.

ನಾನು ಅವರನ್ನು ದೊಡ್ಡಮ್ಮಾ ಎಂದು ಕರೆದೆ. ಅವರ ಅಡುಗೆಮನೆಗೆ ಎರಡು ಬಾಗಿಲು. ಹಿತ್ತಿಲ ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು; ಗಾಳಿ ಬೀಸಲಿ, ಹನಿ ಬೀಳಲಿ, ಮುಚ್ಚಲು ಬಿಡುತ್ತಿರಲಿಲ್ಲ. ಬಾಗಿಲಾಚೆ ನಾಲ್ಕು ಮಾರು ಜಾಗದಲ್ಲಿ ತರಕಾರಿ ಮಡಿ. ಮೂಲಂಗಿ, ನವಿಲುಕೋಸು, ಟೊಮೇಟೊ, ಚಪ್ಪರಕ್ಕೆ ಹಬ್ಬಿದ ಅವರೆ, ನೆಲದ ಮೇಲೆ ಕುಂಬಳದ ಬಳ್ಳಿ. ಒಲೆಯ ಮೇಲೆ ನೀರು ಕುದಿಯಲು ಇಟ್ಟ ಮೇಲೆಯೇ ಅವರು ತರಕಾರಿ ಕೀಳಲು ಹೋಗುತ್ತಿದ್ದದ್ದು. "ಕಿತ್ತ ಮೇಲೆ ಅದಕ್ಕೆ ಕಾಯ್ಸಬಾರ್ದು," ಅನ್ನುತ್ತಿದ್ದರು.

ಆ ಚಳಿಗಾಲದಲ್ಲಿ ಅವರು ನನಗೆ ಹಾಕಿದ ಊಟಗಳು ಈಗಲೂ ನಾಲಿಗೆಯಲ್ಲಿವೆ. ಹಿಚುಕಿದ ಅವರೆಬೇಳೆಯನ್ನು ಬರೀ ಉಪ್ಪು ಶುಂಠಿ ಹಾಕಿ ಬೇಯಿಸಿದ್ದು. ಕುಂಬಳದ ಎಳೆ ಕುಡಿಗಳನ್ನು ನಾರು ತೆಗೆದು ಬಿಸಿನೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ಎಳ್ಳು ಕುಟ್ಟಿ ಉದುರಿಸಿದ್ದು. ಕೋಸನ್ನು ಕೂದಲೆಳೆಯಂತೆ ಹೆಚ್ಚಿ, ನಿಂಬೆರಸ, ಕಡಲೆಕಾಯಿ ಪುಡಿ, ಹುರಿಗಡಲೆ ಹಿಟ್ಟು ಹಾಕಿ ಕೈಯಲ್ಲಿ ಹಗುರವಾಗಿ ಕಿವುಚಿದ್ದು. ನನಗೆ ಸ್ವಲ್ಪ ಶಕ್ತಿ ಬಂದ ಮೇಲೆ ಅದರ ಮೇಲೆ ಕರಿದ ಬೆಳ್ಳುಳ್ಳಿಯ ಚೂರು. ಕಡಲೆಹಿಟ್ಟನ್ನು ನೀರಿನಲ್ಲಿ ನೆನೆಸಿ, ಸೋಸಿ, ತಿರುವಿ ತಿರುವಿ ಕಾಯಿಸಿ ತಟ್ಟೆಗೆ ಸುರಿದರೆ ಗಿಣ್ಣಿನಂತೆ ಹಳದಿಯಾಗಿ ಹೆಪ್ಪುಗಟ್ಟುತ್ತಿತ್ತು. ಅದನ್ನು ತುಂಡು ಮಾಡಿ ಮೂಲಂಗಿ ಸೊಪ್ಪಿನ ತಿಳಿಯಲ್ಲಿ ಬಿಡುತ್ತಿದ್ದರು. ರಂಗೂನಿನಲ್ಲಿ ಅವರ ಪಕ್ಕದ ಮನೆಯ ಬರ್ಮಾ ಮುದುಕಿ ಮಳೆಗಾಲದ ಮೂರು ತಿಂಗಳು ಬುದ್ಧನ ವ್ರತ ಹಿಡಿದು ಮಾಂಸ ಬಿಡುತ್ತಿದ್ದಳಂತೆ. ಎಲ್ಲವನ್ನೂ ಅವಳಿಂದ ಕಲಿತದ್ದು.

ನಾನು ಮೊದಲ ತುತ್ತು ಬಾಯಿಗಿಡುವಾಗ ಅವರು ಮುಖವನ್ನು ಹಿತ್ತಿಲ ಬಾಗಿಲ ಕಡೆ ತಿರುಗಿಸಿಬಿಡುತ್ತಿದ್ದರು. ನುಂಗಿದ ಸದ್ದು ಕೇಳಿದ ಮೇಲೆಯೇ ಈ ಕಡೆ ನೋಡುತ್ತಿದ್ದದ್ದು. ಆ ಬಾಗಿಲ ಹೊಸ್ತಿಲ ಮೇಲೆ ದಿನವೂ ಒಂದು ಬಟ್ಟಲು ಇರುತ್ತಿತ್ತು. ನೀಲಿ ಅಂಚಿನ, ಒಂದು ಕಡೆ ಚಕ್ಕೆ ಹಾರಿದ ಸಣ್ಣ ಪಿಂಗಾಣಿ ಬಟ್ಟಲು. ನಮಗೆ ಬಡಿಸುವ ಮೊದಲು ಅದಕ್ಕೆ ಬಡಿಸುತ್ತಿದ್ದರು. ಊಟ ಮುಗಿದು ಕೈ ತೊಳೆದು ಬರುವ ಹೊತ್ತಿಗೆ ಬಟ್ಟಲು ಖಾಲಿ. ಕಾಗೆಗೋ ಅಳಿಲಿಗೋ ಇಡುತ್ತಾರೆ ಎಂದುಕೊಂಡೆ. ಆದರೆ ಕಾಗೆ ತಿಂದರೆ ಚೆಲ್ಲುತ್ತದೆ. ಹೊಸ್ತಿಲ ಮೇಲೆ ಒಂದು ಎಳೆ ಶಾವಿಗೆಯೂ ಬಿದ್ದದ್ದನ್ನು ನಾನು ಕಾಣಲಿಲ್ಲ.

ಒಂದು ಸಂತೆಯ ದಿನ ಅವರು ನನಗೆ ಬಡಿಸಿ, "ನೀನು ತಿಂದು ಇಲ್ಲೇ ಮಲ್ಕೋ. ಬೆಳ್ಳುಳ್ಳಿ ತರ್ಬೇಕು, ಹೋಗಿ ಬರ್ತೀನಿ," ಎಂದು ಹೊರಟರು. ನಾನು ಅರ್ಧ ಊಟ ಬಿಟ್ಟೆ. ಆಗ ಅಷ್ಟೇ ಹಿಡಿಸುತ್ತಿದ್ದದ್ದು. ಒಲೆಯ ಪಕ್ಕ ಚಾಪೆ ಹಾಸಿಕೊಂಡೆ. ಹೊಸ್ತಿಲ ಮೇಲಿನ ಬಟ್ಟಲು ತುಂಬಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ. ಅನ್ನದ ಮೇಲೆ ಹಸಿರು ಸೊಪ್ಪು, ಅದರ ಮೇಲೆ ಹಳದಿ ಹಿಟ್ಟು. ಬಿಸಿಲು ನೆತ್ತಿಗೇರಿತ್ತು. ಬೀದಿಯಾಚೆಯ ಮನೆಯಲ್ಲಿ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಬಟ್ಟಲು ಖಾಲಿಯಾಗಿತ್ತು. ನಾನು ಚಾಪೆಯ ಮೇಲಿರಲಿಲ್ಲ. ಹೊಸ್ತಿಲ ಪಕ್ಕ ನೆಲದ ಮೇಲೆ ಕೂತಿದ್ದೆ. ಬಲಗೈ ಬೆರಳ ತುದಿಗಳಲ್ಲಿ ಹುರಿಗಡಲೆ ಹಿಟ್ಟು ಅಂಟಿತ್ತು, ಬಾಯಲ್ಲಿ ಸೊಪ್ಪಿನ ರುಚಿಯಿತ್ತು, ಹೊಟ್ಟೆ ಬಿಗಿಯಾಗಿತ್ತು. ಎದ್ದು ಬಂದದ್ದಾಗಲಿ, ತಿಂದದ್ದಾಗಲಿ ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ದೊಡ್ಡಮ್ಮ ಬಂದರು. ಕೈಚೀಲ ಕೆಳಗಿಟ್ಟು ಬಟ್ಟಲನ್ನು ನೋಡಿದರು, ನನ್ನ ಬೆರಳುಗಳನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ.

"ತಿಂದ್ಯಾ?" ಎಂದರು. ಮುಖದಲ್ಲಿ ನಗು ಇತ್ತು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ದಿನದಿಂದ ಹೊಸ್ತಿಲ ಮೇಲೆ ಬಟ್ಟಲು ಇಡುವುದನ್ನು ನಿಲ್ಲಿಸಿದರು. ನನ್ನ ಊಟವನ್ನೇ ಅದರಲ್ಲಿ ಬಡಿಸತೊಡಗಿದರು. ಬೇರೆ ತಟ್ಟೆ ಕೊಡಿ ಎನ್ನಬೇಕೆನಿಸಿದರೂ ಅದರಲ್ಲೇ ಉಂಡೆ. ನಾನು ಬೇಗ ಬೇಗ ಚೇತರಿಸಿಕೊಂಡೆ. ಕೆನ್ನೆ ತುಂಬಿತು, ತಲೆಯಲ್ಲಿ ಕರಿ ಕೂದಲು ಮೊಳೆಯಿತು. ಮಾವನಂತೂ "ಆ ಯಮ್ಮನ ಕೈಗೆ ಮುತ್ತು ಕಟ್ಬೇಕು," ಎಂದ.

ಆದರೆ ಮಧ್ಯಾಹ್ನ ಊಟವಾಗಿ ಕಣ್ಣು ಮುಚ್ಚಿದರೆ ಒಂದೇ ಕನಸು. ಕೆಮ್ಮಣ್ಣಿನ ಏರುದಾರಿ. ಎರಡೂ ಕಡೆ ಬಿದಿರು. ತಲೆಯ ಮೇಲೆ ಗಂಟು ಹೊತ್ತ ಜನ ಏರಿ ಹೋಗುತ್ತಿದ್ದಾರೆ. ನಾನು ಒಂದು ಮರದ ಬುಡದಲ್ಲಿ ಕೂತಿದ್ದೇನೆ, ಅವರ ಮೊಣಕಾಲು ನನ್ನ ಕಣ್ಣಿನ ಮಟ್ಟಕ್ಕಿದೆ. ಒಬ್ಬರಾದ ಮೇಲೆ ಒಬ್ಬರು ದಾಟಿ ಹೋಗಿ ಕೊನೆಗೆ ಬರೀ ಬೆನ್ನುಗಳು ಕಾಣುತ್ತವೆ. ಯಾವ ಸದ್ದೂ ಇಲ್ಲ. ಗೌರಿಬಿದನೂರಿನ ಬಂಡೆಗುಡ್ಡ, ನಂದಿಬೆಟ್ಟ ಬಿಟ್ಟರೆ ನಾನು ಬೆಟ್ಟ ಕಂಡವಳಲ್ಲ. ಆ ದಾರಿಯನ್ನು ನಾನು ಎಲ್ಲಿ ನೋಡಿದ್ದೆ?

ಹುಣಸೆಮರಗಳು ಚಿಗುರುವ ಕಾಲ ಬಂತು. ದೊಡ್ಡಮ್ಮ ಮೊರದಲ್ಲಿ ಕೆಂಪು ಚಿಗುರು ಹರಡಿಕೊಂಡು ಕಡ್ಡಿ ಆರಿಸುತ್ತಿದ್ದರು. ಅದನ್ನು ಬೇಯಿಸದೆ, ಕಡಲೆಕಾಯಿ, ಎಳ್ಳು, ಸಣ್ಣ ಈರುಳ್ಳಿ ಸೇರಿಸಿ ಕಲಸಿಕೊಡುವುದಾಗಿ ಹೇಳಿದ್ದರು. ನಾನೂ ಒಂದು ಹಿಡಿ ಚಿಗುರು ತೆಗೆದುಕೊಂಡು ಕೂತೆ.

"ದೊಡ್ಡಮ್ಮಾ, ಮಧ್ಯಾಹ್ನ ಮಲಗಿದ್ರೆ ದಿನಾ ಒಂದೇ ಕನಸು ಬರ್ತದೆ," ಎಂದು ಕಂಡದ್ದನ್ನು ಹೇಳಿದೆ.

ಅವರ ಕೈ ನಿಂತಿತು.

"ಬಿದಿರು ಯಾವ ಕಡೆ ಇತ್ತು?"

"ಎರಡೂ ಕಡೆ."

"ಮುಂದೆ ಹೋದೋರು ತಿರುಗಿ ನೋಡಿದ್ರಾ?"

"ಇಲ್ಲ. ಯಾರೂ ನೋಡ್ಲಿಲ್ಲ."

"ನಾನು ನೋಡ್ದೆ," ಎಂದರು ದೊಡ್ಡಮ್ಮ. "ಮೂರು ಸಲ ನೋಡ್ದೆ. ನಿಂಗೆ ಕಾಣ್ಲಿಲ್ವೇನೋ."

ಅವರು ಮತ್ತೆ ಕಡ್ಡಿ ಆರಿಸುತ್ತಾ, ನಿನ್ನೆ ಮೊನ್ನೆ ನಡೆದದ್ದನ್ನು ಹೇಳುವಂತೆ ಹೇಳಿದರು. ಅವರಿಗೊಬ್ಬಳು ಮಗಳಿದ್ದಳು. ರಂಗೂನು ಬಿಟ್ಟಾಗ ನಾಲ್ಕು ವರ್ಷ. ಮೊದಲು ಅಪ್ಪನ ಹೆಗಲ ಮೇಲೆ ಬಂದಳು. ಅಪ್ಪನಿಗೆ ಜ್ವರ ಹಿಡಿದ ಮೇಲೆ ನಡೆದಳು. ಅಂಗಾಲು ಬೊಬ್ಬೆಯೆದ್ದು ಸುಲಿದವು. ಆಮೇಲೆ ಅವಳಿಗೂ ಜ್ವರ. ದಾರಿಯುದ್ದಕ್ಕೂ ವಾಂತಿಭೇದಿಯಲ್ಲಿ ಜನ ಸಾಯುತ್ತಿದ್ದರು. ಗಂಡನನ್ನು ಹಿಡಿದುಕೊಂಡು ನಡೆಯಬೇಕು, ಮಗುವನ್ನು ಎತ್ತಿಕೊಳ್ಳಬೇಕು. ದೊಡ್ಡಮ್ಮನ ಕೈಯಲ್ಲಿ ಎರಡೂ ಆಗಲಿಲ್ಲ. ಹಿಂದೆ ರೋಗಿಗಳ ಡೋಲಿ ಬರುತ್ತಿದೆ, ಕೂತಿದ್ದರೆ ಎತ್ತಿಕೊಂಡು ಬರುತ್ತಾರೆ ಎಂದು ಯಾರೋ ಹೇಳಿದರು. ಮರದ ಬುಡದಲ್ಲಿ ಮಗುವನ್ನು ಕೂರಿಸಿದರು. ಇದ್ದ ಅನ್ನ, ದಾರಿಯಲ್ಲಿ ಕಿತ್ತು ಬೇಯಿಸಿದ ಸೊಪ್ಪು, ಒಂದು ಬಟ್ಟಲಿಗೆ ಹಾಕಿ ಪಕ್ಕದಲ್ಲಿಟ್ಟರು. ನೀಲಿ ಅಂಚಿನ ಅಂಥ ಬಟ್ಟಲು ಅವರ ಹತ್ತಿರ ಎರಡಿದ್ದವು.

"ತಿಂತಾ ಇರು, ಬರ್ತೀನಿ ಅಂದೆ," ಎಂದರು. "ಕ್ಯಾಂಪಿಗೆ ಬಂದು ಮೂರು ದಿನ ಕಾದ್ವಿ. ಡೋಲಿ ಬರ್ಲಿಲ್ಲ. ಹಿಂದಕ್ಕೆ ಹೋಗೋಕೆ ಬಿಡ್ಲಿಲ್ಲ. ಸತ್ತಳು ಅಂತ ನಮ್ಮ ಯಜಮಾನ್ರು ತಿಥಿ ಮಾಡಿದ್ರು. ನಾನೆಂಗಮ್ಮಾ ಮಾಡ್ಲಿ? ಬಿಟ್ಟು ಬಂದಾಗ ಕಣ್ಣು ಬಿಟ್ಕೊಂಡಿದ್ಲು."

ಮನೆಗೆ ಬಂದವಳೇ ಅತ್ತೆಗೆ ಎಲ್ಲ ಹೇಳಿದೆ. ಅತ್ತೆ ಆ ಸಂಜೆಯೇ ಅಪ್ಪನಿಗೆ ಕಾಗದ ಬರೆಸಿದಳು. "ಮೈ ತುಂಬಿದೆಯಲ್ಲ, ಇನ್ನು ನಿಮ್ಮನೆಗೆ ಹೋಗಿಬಿಡಮ್ಮಾ," ಎಂದಳು. ಅಪ್ಪ ಬರುವವರೆಗಿನ ನಾಲ್ಕು ದಿನ ನಾನು ಆ ಮನೆಗೆ ಹೋಗಲಿಲ್ಲ. ಗೋಡೆಯ ಮೇಲೆ ಪಾತ್ರೆ ಬಂದು ಕೂರುತ್ತಿತ್ತು. ಅತ್ತೆ ಅದನ್ನು ಹಾಗೆಯೇ ವಾಪಸು ಇಡುತ್ತಿದ್ದಳು.

ಹೊರಡುವ ಬೆಳಿಗ್ಗೆ ಹೇಳದೆ ಹೋಗಲು ಮನಸ್ಸಾಗಲಿಲ್ಲ. ಅಪ್ಪ ಬೀದಿಯಲ್ಲಿ ಟ್ರಂಕು ಹಿಡಿದು ನಿಂತಿದ್ದಾಗ ಒಳಗೆ ಹೋಗಿ ದೊಡ್ಡಮ್ಮನ ಕಾಲಿಗೆ ನಮಸ್ಕರಿಸಿದೆ. ಅವರು ನನ್ನನ್ನು ಎಬ್ಬಿಸಿ, ಎರಡೂ ಕೈ ಹಿಡಿದುಕೊಂಡು, ಸಣ್ಣ ದನಿಯಲ್ಲಿ ಕೇಳಿದರು.

"ಒಂದು ಮಾತು ಹೇಳು. ಬಟ್ಟಲಲ್ಲಿ ಇಟ್ಟಿದ್ನಲ್ಲ, ಅದನ್ನ ತಿಂದ್ಯಾ? ಇಲ್ಲಾ ಅಂಗೇ ಬಿದ್ದಿತ್ತಾ?"

ನಾನು ಆ ಮಗುವಲ್ಲ ಎಂದು ಹೇಳಲು ಬಾಯಿ ತೆರೆದೆ. ಅದು ನಿಜ. ನಾನು ಗೌರಿಬಿದನೂರಿನಲ್ಲಿ ಹುಟ್ಟಿದವಳು, ನನ್ನ ತಾಯಿ ಅಲ್ಲಿ ಬಾಣಂತಿ ಮಂಚದ ಮೇಲಿದ್ದಾಳೆ ಎಂದು ಹೇಳಬೇಕೆಂದೇ ಇದ್ದೆ. ಆದರೆ ಬಾಯಿಂದ ಬಂದದ್ದು ಬೇರೆ.

"ತಿಂದೆ ಅಮ್ಮ. ಎಲ್ಲಾ ತಿಂದೆ. ಆಮೇಲೆ ಒಬ್ರು ಬಂದ್ರು."

ನನ್ನ ದನಿ ನನಗೇ ಸಣ್ಣದಾಗಿ ಕೇಳಿತು. ದೊಡ್ಡಮ್ಮಾ ಎಂದೇ ಕರೆಯುತ್ತಿದ್ದ ನಾನು ಅಮ್ಮ ಅಂದದ್ದು ತಿಳಿದಾಗ ಕೈ ಬಿಡಿಸಿಕೊಂಡು ಬೀದಿಗೆ ಓಡಿದೆ. ಅವರ ನೆಮ್ಮದಿಗಾಗಿ ಸುಳ್ಳು ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಸುಳ್ಳು ಹೇಳುವವರಿಗೆ ಹೇಳುವ ಮೊದಲು ಅದು ಗೊತ್ತಿರುತ್ತದಲ್ಲವೇ?

ಮರುವರ್ಷ ನನ್ನ ಮದುವೆಯಾಯಿತು. ಗಂಡನ ಮನೆ ಚಿಂತಾಮಣಿ. ಕನಸು ನಿಂತುಹೋಗಿತ್ತು. ಮಕ್ಕಳಿಗೆ ಹುಷಾರು ತಪ್ಪಿದಾಗ ಸೋರೆಕಾಯಿ ತಿಳಿಯಲ್ಲಿ ಶಾವಿಗೆ ಬಿಟ್ಟು ಕೊಡುತ್ತಿದ್ದೆ. ನನ್ನ ಗಂಡನ ತಾಯಿ "ಇದೆಂಥದೇ ನೀರಡುಗೆ?" ಅನ್ನುತ್ತಿದ್ದರು, ಆಮೇಲೆ ತಾವೂ ಒಂದು ಲೋಟ ಕೇಳಿ ಕುಡಿಯುತ್ತಿದ್ದರು. ಶಿಡ್ಲಘಟ್ಟಕ್ಕೆ ಹೋದರೂ ದೊಡ್ಡಮ್ಮನ ಮನೆಗೆ ಹೋಗುತ್ತಿರಲಿಲ್ಲ.

ಅರವತ್ತರ ದಶಕದ ನಡುವೆ ಬರ್ಮಾದಿಂದ ನಮ್ಮವರನ್ನು ಹಡಗುಗಳಲ್ಲಿ ಮದರಾಸಿಗೆ ತಂದು ಇಳಿಸುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಬಂತು. ಕೆಲವು ದಿನಗಳಲ್ಲಿ ಶಿಡ್ಲಘಟ್ಟದ ಅತ್ತೆಯಿಂದ ಕಾಗದ: ಬರ್ಮಾದಮ್ಮ ಮದರಾಸಿಗೆ ಹೊರಟಿದ್ದಾಳೆ, ಯಾರ ಮಾತೂ ಕೇಳುತ್ತಿಲ್ಲ, ರೈಲು ನಿಮ್ಮೂರಿನ ಮೇಲೆಯೇ ಬರುತ್ತದೆ, ನೀನಾದರೂ ಹೇಳು.

ಸ್ಟೇಷನ್ನಿಗೆ ಹೋದೆ. ದೊಡ್ಡಮ್ಮ ಕಿಟಕಿಯ ಪಕ್ಕ ಕೂತಿದ್ದರು. ತುಂಬ ಸೊರಗಿದ್ದರು. ತೊಡೆಯ ಮೇಲೆ ಒಂದು ಗಂಟು.

"ಈ ವಯಸ್ಸಲ್ಲಿ ಒಬ್ಬರೇ ಎಲ್ಲಿಗೆ ದೊಡ್ಡಮ್ಮಾ? ಯಾರನ್ನ ಅಂತ ಹುಡುಕ್ತೀರಿ?"

"ನೀನೇ ಹೇಳ್ದೆಯಲ್ಲ," ಎಂದರು, ನನಗೆ ಮರೆತದ್ದನ್ನು ನೆನಪಿಸುವಂತೆ. "ಎಲ್ಲಾ ತಿಂದೆ, ಆಮೇಲೆ ಒಬ್ರು ಬಂದ್ರು ಅಂತ. ಬಂದೋರು ಎತ್ಕೊಂಡು ಹಿಂದಕ್ಕೇ ಹೋಗಿರ್ತಾರೆ. ಅಲ್ಲೇ ಬೆಳೆದಿರ್ತಾಳೆ."

ರೈಲು ಹೊರಟಿತು. ಪ್ಲಾಟ್‌ಫಾರಂ ಮೇಲೆ ಅದು ಮರೆಯಾಗುವವರೆಗೆ ನಿಂತಿದ್ದೆ. ನನ್ನ ಒಂದು ಮಾತನ್ನು ಆ ಹೆಂಗಸು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದ್ದಳು.

ಎರಡು ತಿಂಗಳಾದ ಮೇಲೆ ಅವರು ಒಬ್ಬಳನ್ನು ಕರೆದುಕೊಂಡು ಬಂದರು. ಸುದ್ದಿ ತಿಳಿದು ನಾನು ಹೋಗದೆ ಇರಲಾಗಲಿಲ್ಲ. ಬಾಗಿಲು ತೆರೆದವಳು ನನ್ನದೇ ವಯಸ್ಸಿನವಳು. ಕೆನ್ನೆಗೆ ಗಂಧದಂಥದ್ದೇನನ್ನೋ ತೆಳ್ಳಗೆ ಬಳಿದುಕೊಂಡಿದ್ದಳು. ಮಾತು ಆಂಧ್ರ ಕರಾವಳಿಯ ತೆಲುಗು, ಕನ್ನಡ ಆಗಷ್ಟೇ ಬಾಯಿಗೆ ಹತ್ತುತ್ತಿತ್ತು. ಒಳಗೆ ದೊಡ್ಡಮ್ಮ ಗೋಡೆಗೊರಗಿ ಕೂತಿದ್ದರು. ಕಣ್ಣು ಮಂಜಾಗಿತ್ತು, ನನ್ನನ್ನು ದನಿಯಿಂದ ಗುರುತಿಸಿದರು. "ನೋಡಿದ್ಯಾ, ಸಿಕ್ಕಿದ್ಲು," ಎಂದರು. ಆಮೇಲೆ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ.

ಅವಳು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಅಳತೆ ಮಾಡಿದಂತೆ ಒಂದೇ ಸಮ, ಓರೆಯಾಗಿ. ನಾನು ಪಕ್ಕದಲ್ಲಿ ಕೂತೆ.

"ನೇನು ಕಾದಂಡಿ, ನಾನಲ್ಲ," ಎಂದಳು, ನಾನು ಕೇಳುವ ಮೊದಲೇ, ತೆಲುಗು ಕನ್ನಡ ಬೆರೆಸಿ. "ಮದರಾಸಿನ ಕ್ಯಾಂಪಲ್ಲೇ ಈ ಅಮ್ಮನಿಗೆ ಹೇಳ್ದೆ. ನನ್ನ ಹೆತ್ತ ತಾಯಿ ರಂಗೂನಿನಲ್ಲಿ ನನ್ನ ಕಣ್ಣ ಮುಂದೇನೇ ಸತ್ತಳು. ನಾನು ಊರು ಬಿಟ್ಟು ಆಚೆ ಹೋದವಳೇ ಅಲ್ಲ. ಹಡಗು ಹತ್ತಿದ್ದೇ ಮೊದಲು. ಎಲ್ಲಾ ಹೇಳ್ದೆ. ಹ್ಞೂಂ ಹ್ಞೂಂ ಅಂತಾರೆ, ಬಟ್ಟಲಿಗೆ ಬಡಿಸ್ತಾರೆ. ನಂಗೂ ಯಾರೂ ಇರ್ಲಿಲ್ಲ. ಬಂದೆ."

ಚಾಕು ಒಂದೇ ಸಮ ನಡೆಯುತ್ತಿತ್ತು.

"ಈಗೀಗ," ಎಂದಳು ದನಿ ತಗ್ಗಿಸಿ, "ನಂಗೂ ಆ ದಾರಿ ನೆನಪಿಗೆ ಬರ್ತಾ ಇದೆ."

ಯಾವ ದಾರಿ ಎಂದು ನಾನು ಕೇಳಲಿಲ್ಲ. ಬಿದಿರು ಎಂದು ಅವಳೂ ಹೇಳಲಿಲ್ಲ. ಊಟಕ್ಕೆ ಏಳಿ ಎಂದಾಗ ಮಕ್ಕಳ ನೆಪ ಹೇಳಿ ಎದ್ದು ಬಂದೆ.

ದೊಡ್ಡಮ್ಮ ಅದಾದ ಮೇಲೆ ಮೂರು ವರ್ಷ ಬದುಕಿದ್ದರು. ಕೊನೆಯ ತಿಂಗಳುಗಳಲ್ಲಿ ಅವಳೇ ಚಮಚದಲ್ಲಿ ತರಕಾರಿಯ ತಿಳಿ ಕುಡಿಸುತ್ತಿದ್ದಳಂತೆ. ಕೊಳ್ಳಿಯಿಟ್ಟವರು ಗಂಡನ ಕಡೆಯ ದಾಯಾದಿಗಳು. ಹನ್ನೊಂದನೆಯ ದಿನ ಮಗಳಾಗಿ ಎಡೆಯಿಟ್ಟವಳು ಅವಳೇ. ಊರಿನಲ್ಲಿ ಯಾರೂ ತಕರಾರು ತೆಗೆಯಲಿಲ್ಲ.

ಆಮೇಲೆ ರೇಷನ್ ಕಾರ್ಡಿಗೆ ಅವಳು ತಾಲ್ಲೂಕು ಕಚೇರಿಗೆ ಹೋಗಬೇಕಾಯಿತು. ಗೊತ್ತಿದ್ದವರೊಬ್ಬರು ಸಾಕ್ಷಿ ಬೇಕೆಂದು ಅತ್ತೆ ನನ್ನನ್ನು ಕರೆಸಿದಳು. ಗುಮಾಸ್ತರು ಅವಳ ಕಾಗದಗಳನ್ನು ನೋಡುತ್ತಾ ಬರೆದುಕೊಳ್ಳುತ್ತಿದ್ದರು.

"ಹಡಗಲ್ಲಿ ಬಂದಿದ್ದಲ್ವೇನಮ್ಮಾ?"

"ಇಲ್ಲ ಸ್ವಾಮಿ," ಎಂದಳು ಅವಳು. ಈಗ ಅವಳ ಕನ್ನಡ ಪೂರ್ತಿ ಶಿಡ್ಲಘಟ್ಟದ ಕನ್ನಡ. "ನಡ್ಕೊಂಡು ಬಂದೆ. ಆಗ ನಂಗೆ ನಾಲ್ಕು ವರ್ಷ."

ಗುಮಾಸ್ತರು ತಲೆಯೆತ್ತಿ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಕಾಗದದ ಮೇಲಿನ ಹಡಗಿನ ಮುದ್ರೆ ನೋಡಿದರು. ಕೊನೆಗೆ ಕಾಗದದಲ್ಲಿದ್ದದ್ದನ್ನೇ ಬರೆದುಕೊಂಡರು. ಅವಳು ಸಹಿ ಹಾಕಿದಳು. ಅದರ ಕೆಳಗೆ ನಾನು ಹಾಕಿದೆ.

ಹೊರಗೆ ಬಂದಾಗ ಹೊತ್ತು ನೆತ್ತಿಗೆ ಬಂದಿತ್ತು. ದಾರಿಯಲ್ಲಿ ಅವಳು ಸೊಗಡಿನ ಅವರೆಕಾಯಿ ನೋಡಿ ನಿಂತು ಸೆರಗಿಗೆ ಹಾಕಿಸಿಕೊಂಡಳು. "ಊಟ ಮಾಡ್ಕೊಂಡೇ ಹೋಗ್ಬೇಕು ಅಕ್ಕಾ, ಈ ಸಲ ಬಿಡಲ್ಲ," ಎಂದಳು. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ. ಹೋದೆ. ಅವಳು ನನಗೆ ಸ್ಟೀಲಿನ ತಟ್ಟೆಯಲ್ಲಿ ಬಡಿಸಿದಳು. ಅವಳ ಕೈಯಡುಗೆ ದೊಡ್ಡಮ್ಮನ ಅಡುಗೆಗಿಂತ ಒಂದು ಚೂರು ಖಾರ. ನನ್ನ ಮಗಳ ಸ್ಕೂಲು, ಅತ್ತೆಯ ಮೊಣಕಾಲು ನೋವು, ಆ ವರ್ಷ ಗೂಡು ಸರಿಯಾಗಿ ಕಟ್ಟದೆ ಹೋದದ್ದು, ಇಂಥವೇ ಮಾತಾಡುತ್ತಾ ಮಧ್ಯಾಹ್ನದ ರೈಲಿನವರೆಗೆ ಕೂತಿದ್ದೆವು.